ಐಸ್ ಹೊತ್ತು ತಂದ ತಮ್ಮನಿಗೆ

ನಿನ್ನೆ ಮುಂಬೈನ ವಡಾಲದ ಮೈದಾನದಲ್ಲಿ ಪೂರಾ ಮೂರು ಸೆಟ್ ವಾಲಿಬಾಲ್ ಆಡಿದೆ. ಬ್ಲಾಕ್‌ಗೆ ಹಾರಿ ಎರಡೂ ಕಾಲಿನ ಮೇಲೆ ಇಳಿದೆ. ರಾತ್ರಿ ಮಂಡಿ ಮುಟ್ಟಿ ನೋಡಿದೆ, ಬೆಳಿಗ್ಗೆ ಎದ್ದವಳೇ ಮತ್ತೆ ಮುಟ್ಟಿದೆ. ಊತವಿಲ್ಲ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿದು, ಆಪರೇಷನ್ ಮಾಡಿ ಹೊಸದು ಹಾಕಿಸಿಕೊಂಡ ಕಥೆ ನಿಮಗೆ ಗೊತ್ತಿರುವುದೇ. ಡಬ್ಬಿ ತಂದುಕೊಟ್ಟವರು, ಆಫೀಸಿನಲ್ಲಿ ನನ್ನ ಕೆಲಸ ಹಂಚಿಕೊಂಡವರು, ಮಾಟುಂಗಾ ಸ್ಟೇಷನ್ನಿನ ಮೆಟ್ಟಿಲಲ್ಲಿ ನನ್ನ ಊರುಗೋಲು ಹಿಡಿದವರು, ನನಗಿಂತ ಹೆಚ್ಚು ತಾಳ್ಮೆಯಿದ್ದ ಫಿಸಿಯೋ ಮೇಡಂ, ಎಲ್ಲರಿಗೂ ಕೈಮುಗಿಯುತ್ತೇನೆ.

ತಮ್ಮನ ವಿಷಯ ಮಾತ್ರ ಒಂದು ಸಾಲಲ್ಲಿ ಮುಗಿಯುವುದಿಲ್ಲ.

ಒಂಬತ್ತು ತಿಂಗಳು ಕಾಯಬೇಕೆಂದು ಹೇಳಿದ್ದರೂ ಏಳನೇ ತಿಂಗಳಿಗೇ ಒಂದು ಸೆಟ್ ಆಡಿಬಿಟ್ಟಿದ್ದೆ. ಸಂಜೆಯ ಹೊತ್ತಿಗೆ ಮಂಡಿಚಿಪ್ಪಿನ ಸುತ್ತ ನೀರು ತುಂಬಿತು. ಕಾಲು ಪೂರ್ತಿ ಚಾಚಲಾಗಲಿಲ್ಲ, ತೊಡೆ ಬಿಗಿಹಿಡಿಯಲು ಹೋದರೆ ಸ್ನಾಯು ಮಾತೇ ಕೇಳಲಿಲ್ಲ. ಹೊಸ ಲಿಗಮೆಂಟೂ ಹರಿದೇಹೋಯಿತು ಎಂದುಕೊಂಡೆ. ಹೋಟೆಲಿನ ಬಾಗಿಲು ಹಾಕಿ ರಾತ್ರಿ ಹನ್ನೆರಡೂವರೆಗೆ ಬಂದ ಅವನು. ಕೈಯಲ್ಲಿ ಹೋಟೆಲಿನ ಫ್ರೀಜರಿನ ಐಸ್. ಯಾಕೆ ಆಡಿದೆ ಅಂತ ಕೇಳಲಿಲ್ಲ. ಹೆಗಲ ಬೈರಾಸಿನಲ್ಲಿ ಐಸ್ ಸುತ್ತಿ ಮಂಡಿಯ ಮೇಲಿಟ್ಟ, ಗಡಿಯಾರ ನೋಡಿ ಹದಿನೈದು ನಿಮಿಷಕ್ಕೆ ತೆಗೆದ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಟ್ಟ. ಇನ್ನೊಂದು ಆಪರೇಷನ್ ನನ್ನಿಂದ ಆಗಲ್ಲ ಕಣೋ, ಆಗಲ್ಲ ಎಂದು ಬಿಕ್ಕಿಬಿಕ್ಕಿ ಅತ್ತೆ. "ಅಳು ಅಕ್ಕ, ಕಾಲು ಮಾತ್ರ ಅಲ್ಲಾಡಿಸಬೇಡ" ಎಂದ. ನಾಲ್ಕು ಗಂಟೆಗೆ ಇಡ್ಲಿ ಬೇಯಲಿಡಬೇಕಿತ್ತು. ಕಣ್ಣು ಮುಚ್ಚದೆಯೇ ಎದ್ದು ಹೋದ.

ಕೆಳಗಾಲನ್ನು ಮುಂದಕ್ಕೆಳೆದು ಪರೀಕ್ಷಿಸಿದ ಡಾಕ್ಟರು ಲಿಗಮೆಂಟ್ ಗಟ್ಟಿಯಿದೆ ಎಂದರು. ಮಂಡಿಯೊಳಗೆ ನೀರು ತುಂಬಿದರೆ ತೊಡೆಯ ಮುಂಭಾಗದ ಸ್ನಾಯುವಿಗೆ ನರದ ಆಜ್ಞೆಯೇ ಸರಿಯಾಗಿ ತಲುಪುವುದಿಲ್ಲವಂತೆ. ಮತ್ತೆ ಮೊದಲಿಂದ ಶುರುಮಾಡಿದೆ. ಆಡಿದ ಮರುದಿನ ಬೆಳಿಗ್ಗೆ ಮಂಡಿ ಹೇಗಿದೆ ಎಂಬುದೇ ನನ್ನ ಲೆಕ್ಕವಾಯಿತು. ಒಂಟಿಕಾಲಲ್ಲಿ ಹಾರುವ ದೂರ ಇನ್ನೊಂದು ಕಾಲಿನ ಶೇ. 90 ದಾಟುವವರೆಗೆ ನೆಟ್ ಹತ್ತಿರ ಸುಳಿಯಲಿಲ್ಲ. ಮೆಟ್ಟಿಲು ಹತ್ತುವಾಗ ಈಗಲೂ ಟಕ್ ಅನ್ನುತ್ತದೆ, ಗಾಯದ ಪಕ್ಕದ ಚರ್ಮಕ್ಕೆ ಸ್ಪರ್ಶ ಪೂರ್ತಿ ಮರಳಿಲ್ಲ. ನೋವು, ಊತ ಇಲ್ಲದಿದ್ದರೆ ಅವಕ್ಕೆ ಹೆದರಬೇಕಿಲ್ಲ ಎಂದಿದ್ದಾರೆ. ಹೆದರುತ್ತಿಲ್ಲ.

ತಮ್ಮ ನನ್ನ ಒಂದು ಮ್ಯಾಚೂ ನೋಡಿಲ್ಲ, ಭಾನುವಾರ ಹೋಟೆಲಿನಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ಬರುವ ಭಾನುವಾರ ರಜೆ ಕೇಳಿದ್ದಾನೆ.