ಮಗಳಿಗೊಂದು ಪತ್ರ: ಲಕ್ಸರ್‌ಗೇ ಹೋಗು

ಪ್ರೀತಿಯ ಮಗಳೇ,

2027ರ ಸಂಪೂರ್ಣ ಸೂರ್ಯಗ್ರಹಣದ ದಿನ ಈಜಿಪ್ಟಿನ ಕೈರೋದಲ್ಲಿಯೇ ಸೂರ್ಯನ ಶೇಕಡಾ 90ಕ್ಕಿಂತ ಹೆಚ್ಚು ಭಾಗ ಮುಚ್ಚುತ್ತದಲ್ಲ, ಲಕ್ಸರ್‌ವರೆಗೆ ಹೋಗಲೇಬೇಕೇ ಎಂದು ಕೇಳಿದ್ದೀಯ. ಹೋಗಲೇಬೇಕು. ಸೂರ್ಯನ ಬಿಂಬ ಅದರ ಸುತ್ತಲಿನ ತೆಳು ಪ್ರಭಾವಲಯವಾದ ಕರೋನಾಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಪ್ರಖರ. ಬಿಂಬದ ಒಂದು ಅಂಚು ಉಳಿದರೂ ಕರೋನಾ ಕಣ್ಣಿಗೆ ಬೀಳುವುದಿಲ್ಲ. ಚಂದ್ರನ ದಟ್ಟ ನೆರಳು ಹಾದುಹೋಗುವ ಪಟ್ಟಿಯ ಒಳಗಿರುವವರಿಗೆ ಮಾತ್ರ ಆ ಭಾಗ್ಯ. ಅಷ್ಟು ದೂರ ಹೋಗಿ ಪಟ್ಟಿಯ ಹೊರಗೆ ನಿಲ್ಲಬೇಡ.

2024ರ ಏಪ್ರಿಲ್ 8ರ ಗ್ರಹಣಕ್ಕೆ ನಾನು ಮೆಕ್ಸಿಕೋದ ಮಜಾತ್ಲಾನ್‌ನಲ್ಲಿದ್ದೆ. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಲು ಒಂದು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಆ ಹೊತ್ತಿಗೆ ಎಲೆಗಳ ಸಂದಿಯಿಂದ ನೆಲಕ್ಕೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಪುಟ್ಟ ಕುಡುಗೋಲುಗಳಂತಾಗಿದ್ದವು. ನೆರಳುಗಳು ಎಷ್ಟು ಹರಿತವಾದವೆಂದರೆ ನನ್ನ ಮುಂಗೈಯ ರೋಮಗಳ ನೆರಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕತ್ತಲೆ ಸಮುದ್ರದ ಕಡೆಯಿಂದ ಧಾವಿಸಿ ಬಂತು. ವಜ್ರದುಂಗುರ, ಅಂದರೆ ಅಂಚಿನಲ್ಲಿ ಉಳಿದ ಸೂರ್ಯನ ಕೊನೆಯ ಬೆಳಕಿನ ಬಿಂದು, ಹೊಳೆದು ಆರಿದೊಡನೆ ಗ್ರಹಣದ ಕನ್ನಡಕ ತೆಗೆದೆ. ನಡುವೆ ಕಪ್ಪು ಬಿಂಬ, ಸುತ್ತ ಬಿಳಿಯ ಎಳೆಗಳು, ಅಂಚಿನಲ್ಲಿ ಗುಲಾಬಿ ಬಣ್ಣದ ಜ್ವಾಲೆ. ಅಳು ಬಂತು. ಯಾವ ಫೋಟೊದಲ್ಲಿಯೂ ನನಗೆ ಆ ಆಕಾಶ ಮತ್ತೆ ಸಿಕ್ಕಿಲ್ಲ.

ಅದು ನಾಲ್ಕು ನಿಮಿಷ ಚಿಲ್ಲರೆ. 2027ರ ಆಗಸ್ಟ್ 2ರಂದು ಲಕ್ಸರ್‌ನಲ್ಲಿ ನಿನಗೆ ಆರು ನಿಮಿಷಕ್ಕೂ ಹೆಚ್ಚು ಸಿಗುತ್ತದೆ! ಆ ದಿನಗಳಲ್ಲಿ ಚಂದ್ರ ಭೂಮಿಗೆ ಹತ್ತಿರವಿರುತ್ತಾನೆ, ಸೂರ್ಯ ತುಸು ದೂರ. 2114ರವರೆಗೆ ಇದಕ್ಕಿಂತ ದೀರ್ಘವಾದ ಸಂಪೂರ್ಣ ಗ್ರಹಣ ಇಲ್ಲ. ದಕ್ಷಿಣ ಸ್ಪೇನ್ ಕೂಡ ಪಟ್ಟಿಯಲ್ಲಿದೆ, ಆದರೆ ಅಲ್ಲಿ ಅವಧಿ ಕಡಿಮೆ. ಮೋಡದ ಭಯವಂತೂ ಆಗಸ್ಟ್‌ನ ಲಕ್ಸರ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇಂಥ ಪ್ರಯಾಣದಲ್ಲಿ ಊರಿನ ಅಂದಚಂದಕ್ಕಿಂತ ಮೊದಲು ನೋಡಬೇಕಾದದ್ದು ಮೋಡವನ್ನೇ.

ಬಿಸಿಲು 40 ಡಿಗ್ರಿ ದಾಟಬಹುದು. ನೀರು, ಟೋಪಿ ಮರೆಯಬೇಡ. ಮಧ್ಯಾಹ್ನ ಒಂದರ ಸುಮಾರಿಗೆ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುವುದರಿಂದ ಕತ್ತೆತ್ತಿ ನಿಂತರೆ ನೋವು ಬರುತ್ತದೆ, ಚಾಪೆ ಹಾಸಿ ಮಲಗಿ ನೋಡು. ಐಎಸ್‌ಒ 12312-2 ಎಂಬ ಸುರಕ್ಷತಾ ಮಾನದಂಡದ ಗುರುತಿರುವ, ಗೀರು ಬೀಳದ ಕನ್ನಡಕವನ್ನೇ ಒಯ್ಯಿ. ಪೂರ್ತಿ ಮುಚ್ಚಿದಾಗ ಮಾತ್ರ ಅದನ್ನು ತೆಗೆ. ಬೆಳಕು ಮತ್ತೆ ಇಣುಕಿದ ಕ್ಷಣವೇ ಹಾಕಿಕೋ. ಇದರಲ್ಲಿ ಉದಾಸೀನ ಬೇಡ, ಕಣ್ಣಿನ ಮಾತು. ಮೊದಲ ಗ್ರಹಣದಲ್ಲಿ ಕ್ಯಾಮೆರಾ ಮುಟ್ಟಬೇಡ. ನಡುವೆ ಒಮ್ಮೆ ದಿಗಂತದತ್ತ ತಿರುಗು, ಸುತ್ತಲೂ ಸಂಜೆಗೆಂಪು ಕಾಣುತ್ತದೆ.

ಕೋಣೆಗಳು ಬೇಗ ತುಂಬುತ್ತವೆ. ಈ ವಾರವೇ ಕಾಯ್ದಿರಿಸಿ ನನಗೆ ತಿಳಿಸು.

ನಿನ್ನ
ಅಮ್ಮ