ಜೈಲಿನಿಂದ ಬಂದ ಮಹಿಳೆಯರ ಮನೋಚಿಕಿತ್ಸೆ ಅರ್ಧಕ್ಕೆ ನಿಲ್ಲದಿರಲಿ

ಮಾನ್ಯ ಸಂಪಾದಕರೇ,

ಅಬಕಾರಿ, ಹೊಡೆದಾಟ, ಕಳವು ಮುಂತಾದ ಪ್ರಕರಣಗಳಲ್ಲಿ ರಿಮಾಂಡ್ ಆಗಿ, ಕಣ್ಣೂರಿನ ಮಹಿಳಾ ಜೈಲಿನಲ್ಲಿದ್ದು ಕಾಸರಗೋಡಿನ ಗಡಿ ಪಂಚಾಯತ್‌ಗಳಿಗೆ ಮರಳುವ ಹೆಂಗಸರ ಮಾನಸಿಕ ಆರೋಗ್ಯದ ವಿಚಾರವನ್ನು ನಮ್ಮಲ್ಲಿ ಎತ್ತುವವರೇ ಕಡಿಮೆ. ಜನರಿಗೆ ಕಾನೂನು ನೆರವು ತಲುಪಿಸುವ ಪ್ಯಾರಾ ಲೀಗಲ್ ವಾಲಂಟಿಯರ್ ಆಗಿ ಅಂಥ ಕೆಲವು ಮನೆಗಳಿಗೆ ಹೋಗಿಬರುವ ನಾನು, ಅಲ್ಲಿ ಕಂಡದ್ದನ್ನು ಅಧಿಕಾರಿಗಳ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಬಲ್ಲ ಒಬ್ಬ ಮಹಿಳೆಗೆ ಜೈಲಿನಲ್ಲಿದ್ದಾಗ ವೈದ್ಯರು ಖಿನ್ನತೆಗೆ ಮಾತ್ರೆ ಆರಂಭಿಸಿದ್ದರು. ಜಾಮೀನು ಸಿಕ್ಕಿ ಹೊರಬಂದಾಗ ಆಕೆಯ ಕೈಯಲ್ಲಿದ್ದದ್ದು ಮುಗಿಯುತ್ತಾ ಬಂದ ಒಂದು ಸ್ಟ್ರಿಪ್ ಮಾತ್ರ. ರೋಗವೇನು, ಮಾತ್ರೆ ಎಷ್ಟು ಕಾಲ ತೆಗೆದುಕೊಳ್ಳಬೇಕು ಎಂಬುದರ ಚೀಟಿ ಇರಲಿಲ್ಲ. ಊರಿನ ಆಸ್ಪತ್ರೆಯ ಒ.ಪಿ.ಯಲ್ಲಿ (ಹೊರರೋಗಿ ವಿಭಾಗದಲ್ಲಿ), ನೆರೆಕರೆಯವರೇ ನಿಂತಿದ್ದ ಸಾಲಿನಲ್ಲಿ, "ಮೊದಲು ಎಲ್ಲಿ ತೋರಿಸಿದ್ದು?" ಎಂದು ಕೇಳಿದಾಗ ಜೈಲಿನ ಹೆಸರು ಹೇಳಲಾಗದೆ "ಎಲ್ಲಿಯೂ ಇಲ್ಲ" ಎಂದುಬಿಟ್ಟರು. ಚಿಕಿತ್ಸೆ ಮೊದಲಿನಿಂದ ಶುರುವಾಯಿತು. ಮನೋರೋಗದ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದೆಂದು ವೈದ್ಯರೇ ಎಚ್ಚರಿಸುತ್ತಾರೆ. ಹೀಗಿರುವಾಗ ಒಂದು ಚೀಟಿಯ ಕೊರತೆಯಿಂದ ಇಷ್ಟಾಗಬೇಕೇ?

ಜೈಲಿನಿಂದ ಬಂದ ಗಂಡಸನ್ನು ಆಸ್ಪತ್ರೆಗೆ ಕರೆದೊಯ್ಯಲು ತಾಯಿಯೋ ಹೆಂಡತಿಯೋ ಇರುತ್ತಾರೆ. ಹೆಣ್ಣಿನ ಜೊತೆ ಹೋಗುವವರು ಹೆಚ್ಚಾಗಿ ಇರುವುದಿಲ್ಲ; ಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಮನೆಯವರೇ ಆಕೆಯನ್ನು ಹೊರಗೆ ಕಳಿಸುವುದಿಲ್ಲ. ಭಾಷೆಯ ತೊಡಕು ಇದಕ್ಕಿಂತ ಕಠಿಣವಾದುದು. ಕೌನ್ಸೆಲರ್‌ಗೆ ಕನ್ನಡವಾಗಲಿ ತುಳುವಾಗಲಿ ಬಾರದಿರುವಲ್ಲಿ, ಮಲಯಾಳಂ ಕಲಿತ ಮಗಳೇ ತಾಯಿಯ ಸಂಕಟವನ್ನು, ಸಾಯಬೇಕೆನಿಸುತ್ತದೆ ಎಂಬ ಮಾತನ್ನು ಸಹ, ಹೇಳಿ ತಿಳಿಸಬೇಕಾಗುತ್ತದೆ. ಮಗಳ ಎದುರು ಯಾವ ತಾಯಿ ಎಲ್ಲವನ್ನೂ ಹೇಳಿಯಾಳು? ಮಂಜೇಶ್ವರದವರಿಗೆ ಹತ್ತಿರವಾದ ದೇರಳಕಟ್ಟೆ, ಮಂಗಳೂರಿನ ಆಸ್ಪತ್ರೆಗಳಿಗೆ ಹೋಗೋಣವೆಂದರೆ, ರಾಜ್ಯ ಬಿಟ್ಟು ಹೋಗಬಾರದೆಂಬ ಜಾಮೀನು ಶರತ್ತು ಇದ್ದವರಿಗೆ ಕರ್ನಾಟಕದ ಗಡಿಯಾದ ತಲಪಾಡಿ ದಾಟುವಂತಿಲ್ಲ. 2022ರ ಅಕ್ಟೋಬರಿನಿಂದ ಇರುವ ಟೆಲಿ ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ (14416) ಕನ್ನಡದಲ್ಲೂ ಲಭ್ಯವಿದೆಯಾದರೂ, ಮನೆಗೊಂದೇ ಫೋನು, ಅದೂ ಗಂಡನ ಕೈಯಲ್ಲಿ ಎಂಬಲ್ಲಿ ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ.

ಕಾನೂನಿನಲ್ಲಿ ಕೊರತೆಯಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಲಿಂಗ, ಜಾತಿ, ಧರ್ಮ ಮಾತ್ರವಲ್ಲ, ಬೇರೆ ಯಾವುದೇ ಕಾರಣದಿಂದಲೂ ತಾರತಮ್ಯವಿಲ್ಲದೆ ಚಿಕಿತ್ಸೆ ಪಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಹೆಸರಿನ ಮೇಲಿರುವ ಪೊಲೀಸ್ ಕೇಸೂ ಆ ಕಾರಣಗಳಲ್ಲಿ ಸೇರುತ್ತದೆಂಬುದರಲ್ಲಿ ನನಗೆ ಸಂಶಯವಿಲ್ಲ. ಗೋಪ್ಯತೆಯ ಹಕ್ಕು 23ನೇ ಕಲಮಿನಲ್ಲಿದೆ. ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ಅರ್ಜಿಗೆ ಸಿಗುವ ಈ ಮರ್ಯಾದೆ ರೋಗಿಯ ಮಾತಿಗೂ ಸಿಗಬೇಕು.

ಆದುದರಿಂದ ಬಿಡುಗಡೆಯ ದಿನವೇ ರೋಗ ಮತ್ತು ಮಾತ್ರೆಯ ವಿವರವಿರುವ, ಜೈಲಿನ ಮುದ್ರೆಯಿಲ್ಲದ ಚೀಟಿಯನ್ನೂ ಕೆಲವು ವಾರಗಳಿಗೆ ಬೇಕಾದ ಔಷಧಿಯನ್ನೂ ಹೊರಬರುವ ಮಹಿಳೆಗೆ ಕೊಡುವ ಏರ್ಪಾಡಾಗಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಮಂಜೇಶ್ವರ, ಕಾಸರಗೋಡು ತಾಲೂಕುಗಳಿಗೆ ಕನ್ನಡ, ತುಳು ಬಲ್ಲ ಮಹಿಳಾ ಕೌನ್ಸೆಲರ್ ಒಬ್ಬರನ್ನಾದರೂ ನೇಮಿಸಲಿ. ವಕೀಲರಲ್ಲಿಯೂ ಒಂದು ವಿನಂತಿಯಿದೆ: ಜಾಮೀನು ಶರತ್ತಿನಂತೆ ಪೊಲೀಸ್ ಠಾಣೆಯಲ್ಲಿ ಸಹಿ ಹಾಕಬೇಕಾದ ದಿನವೇ ಮನೋರೋಗ ವಿಭಾಗದ ಒ.ಪಿ. ಇದ್ದರೆ ಆಕೆ ಠಾಣೆಗೇ ಹೋಗುತ್ತಾಳೆ, ಮಾತ್ರೆ ತಪ್ಪುತ್ತದೆ. ಜಾಮೀನು ಅರ್ಜಿ ಹಾಕುವಾಗಲೇ ಕಕ್ಷಿದಾರಳ ಚಿಕಿತ್ಸೆಯ ದಿನವನ್ನು ಕೇಳಿ ತಿಳಿದು, ಸಹಿಗೆ ಬೇರೆ ದಿನವನ್ನು ನಿಗದಿಪಡಿಸುವಂತೆ ನ್ಯಾಯಾಲಯವನ್ನು ಕೋರಬೇಕು.

ಇತಿ,
ಓರ್ವ ಪ್ಯಾರಾ ಲೀಗಲ್ ವಾಲಂಟಿಯರ್
ಬದಿಯಡ್ಕ, ಕಾಸರಗೋಡು ಜಿಲ್ಲೆ