ಕೇಳಿಕೊಳ್ಳುವುದು ಯಾರ ಹತ್ತಿರ? ವಿಜ್ಞಾನ ಕಥೆಗಳ ಪರವಾಗಿ ಒಂದು ಪತ್ರ

ಮಾನ್ಯ ಸಂಪಾದಕರೇ,

ವಿಜ್ಞಾನ ಕಥೆ ಎಂದರೆ ಮಕ್ಕಳ ಪುರವಣಿಗೆ ಸೇರಿದ್ದು, ಅದರಲ್ಲಿ ರಾಕೆಟ್ಟು ಹಾರಬೇಕು, ಬೇರೆ ಗ್ರಹದವರು ಬರಬೇಕು ಎಂಬ ಅಭಿಪ್ರಾಯ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ರಾಜಶೇಖರ ಭೂಸನೂರಮಠ, ಮನು ಅವರಂಥ ಲೇಖಕರು ಈ ಪ್ರಕಾರಕ್ಕೆ ಕನ್ನಡದಲ್ಲಿ ದೊಡ್ಡವರ ಓದನ್ನೂ ಗಳಿಸಿಕೊಟ್ಟಿದ್ದರು. ಆದರೂ ವಿಶೇಷಾಂಕಗಳ ಕಥಾಸ್ಪರ್ಧೆಯ ಮಾತು ಬಂದಾಗ ವಿಜ್ಞಾನ ಕಥೆಯನ್ನು 'ಸಾಮಾಜಿಕ ಕಥೆ'ಯ ಪಂಕ್ತಿಯಲ್ಲಿ ಕೂರಿಸಲು ಹಿಂಜರಿಕೆ ಇದ್ದೇ ಇದೆ. ಈ ಹಿಂಜರಿಕೆ ತಪ್ಪು ಎಂದು ಹೇಳಲು, ಮತ್ತು ತಮ್ಮ ಪತ್ರಿಕೆಯಿಂದ ಒಂದು ಕೆಲಸ ಕೇಳಲು ಈ ಪತ್ರ.

ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ 1969ರಲ್ಲಿ ಪ್ರಕಟಿಸಿದ 'ಯೂಬಿಕ್' ಕಾದಂಬರಿಯಲ್ಲಿ ಜೋ ಚಿಪ್ ಎಂಬವನ ಮನೆಯ ಬಾಗಿಲು ತೆರೆಯಬೇಕಾದರೆ ಪ್ರತಿ ಸಲ ಐದು ಸೆಂಟ್ ಹಾಕಬೇಕು. ಅವನ ಜೇಬು ಖಾಲಿ. ನಾಳೆ ಕೊಡುತ್ತೇನೆ ಎನ್ನುತ್ತಾನೆ, ಬಾಗಿಲು ಜಗ್ಗುವುದಿಲ್ಲ. ನಿನಗೆ ಕೊಡುವುದು ಭಕ್ಷೀಸು, ಕಡ್ಡಾಯವೇನಲ್ಲ ಎಂದು ವಾದಿಸುತ್ತಾನೆ. ಮನೆ ತೆಗೆದುಕೊಂಡಾಗ ಸಹಿ ಹಾಕಿದ ಕರಾರುಪತ್ರ ತೆಗೆದು ನೋಡು ಎನ್ನುತ್ತದೆ ಬಾಗಿಲು. ನೋಡಿದರೆ ಬಾಗಿಲು ಹೇಳಿದ್ದೇ ಸರಿ. ಕೊನೆಗೆ ಅವನು ಚಾಕು ತಂದು ಬೋಲ್ಟಿನ ಸ್ಕ್ರೂ ಬಿಚ್ಚಲು ಕೂತರೆ ಕೋರ್ಟಿಗೆ ಎಳೆಯುತ್ತೇನೆ ಎಂದು ಬಾಗಿಲೇ ಬೆದರಿಸುತ್ತದೆ.

ಈ ಪ್ರಸಂಗದಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ. ಮಾಡಿಸಿದವರು ಹೇಗೆ ಹೇಳಿದ್ದರೋ ಹಾಗೇ ಕೆಲಸ ಮಾಡುತ್ತಿದೆ. ಇಲ್ಲದಿರುವುದು ಒಂದೇ: 'ನಾಳೆ ಕೊಡ್ತೀನಿ' ಎಂಬ ಮಾತನ್ನು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಜನಸಾಮಾನ್ಯರ ಬದುಕಿಗೆ ಹೊಸ ಯಂತ್ರವೊಂದು ಕಾಲಿಟ್ಟಾಗ ಕೇಳಿಕೊಳ್ಳುವ ಜಾಗ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಒಳ್ಳೆಯ ವಿಜ್ಞಾನ ಕಥೆಗಳು ಕೇಳುವಷ್ಟು ನಿಖರವಾಗಿ ಬೇರಾವ ಬರವಣಿಗೆಯೂ ಕೇಳುತ್ತಿಲ್ಲ. ಕನ್ನಡದ ಓದುಗರಿಗೆ ಈಗ ಬೇಕಾಗಿರುವುದೂ ಇಂಥ ಕಥೆಗಳೇ.

ಕರೆಂಟಿನ ವಿಷಯವನ್ನೇ ನೋಡೋಣ. ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಪ್ರೀಪೇಯ್ಡ್ ಅಥವಾ ಪ್ರೀಪೇಯ್ಡ್ ಮೀಟರ್ ಇರಬೇಕೆಂದು ಗ್ರಾಹಕರ ಹಕ್ಕುಗಳ ಕುರಿತ 2020ರ ಕೇಂದ್ರ ವಿದ್ಯುತ್ ನಿಯಮಗಳು ಹೇಳಿದವು. 2021ರಲ್ಲಿ ಶುರುವಾದ ಕೇಂದ್ರದ ಯೋಜನೆ ದೇಶದಾದ್ಯಂತ 25 ಕೋಟಿ ಸ್ಮಾರ್ಟ್ ಮೀಟರುಗಳ ಗುರಿ ಇಟ್ಟುಕೊಂಡಿತು. ಇಂಥ ಮೀಟರಿನ ಡಬ್ಬಿಯಲ್ಲಿ ಯೂನಿಟ್ ಅಳೆಯುವ ಚಿಪ್ ಇರುತ್ತದೆ, ಕಚೇರಿಯ ಸರ್ವರ್ ಜೊತೆ ಮಾತಾಡುವ ಮೋಡೆಮ್ ಇರುತ್ತದೆ, ಜೊತೆಗೆ ಒಂದು ರಿಲೇ, ಅಂದರೆ ದೂರದಿಂದಲೇ ಲೈನ್ ಕಡಿದು ಮತ್ತೆ ಜೋಡಿಸಬಲ್ಲ ಸ್ವಿಚ್. ಸಾಮಾನ್ಯರ ಮಟ್ಟಿಗೆ ದೊಡ್ಡ ಬದಲಾವಣೆ ಇರುವುದು ಆ ಬೆರಳುದ್ದದ ರಿಲೇಯಲ್ಲಿ.

ಹಿಂದೆ ಬಿಲ್ಲು ಬಾಕಿ ಬಿದ್ದರೆ ಲೈನ್‌ಮನ್ ಮನೆ ಬಾಗಿಲಿಗೆ ಬರಬೇಕಿತ್ತು. 'ಅಣ್ಣಾ, ಸೋಮವಾರ ಸಂಬಳ ಆಗುತ್ತೆ, ಕಟ್ಟಿಬಿಡ್ತೀವಿ, ಮಗಳಿಗೆ ಪರೀಕ್ಷೆ ಇದೆ' ಎಂದರೆ ಅವನು ಒಂದು ಕ್ಷಣ ಯೋಚಿಸುತ್ತಿದ್ದ. ಕೆಲವೊಮ್ಮೆ ಫ್ಯೂಸ್ ಕಿತ್ತುಕೊಂಡೇ ಹೋಗುತ್ತಿದ್ದ, ಕೆಲವೊಮ್ಮೆ 'ಸೋಮವಾರ ತಪ್ಪಿಸಬೇಡಿ' ಎಂದು ಹೇಳಿ ಮುಂದಿನ ಮನೆಗೆ ನಡೆಯುತ್ತಿದ್ದ. ಈ ವ್ಯವಸ್ಥೆಯಲ್ಲಿ ಲಂಚವಿತ್ತು, ಪಕ್ಷಪಾತವಿತ್ತು, ಜಾತಿಯೂ ಇತ್ತು. ಅದನ್ನು ಮರೆಮಾಚಿ ಹಳೆಯದೆಲ್ಲ ಚಿನ್ನವೆಂದು ಬರೆಯುವ ಕಥೆ ಸುಳ್ಳು ಕಥೆ. ರಿಲೇ ಯಾರ ಜಾತಿಯನ್ನೂ ಕೇಳುವುದಿಲ್ಲ, ಅದು ನಿಜವಾದ ಲಾಭ. ಆದರೆ ಅದು ಪರೀಕ್ಷೆಯನ್ನೂ ಕೇಳುವುದಿಲ್ಲ. ಬ್ಯಾಲೆನ್ಸ್ ಮುಗಿಯಿತು, ಆದೇಶ ಹೊರಟಿತು, 'ಟಕ್' ಎಂಬ ಸದ್ದಿನೊಂದಿಗೆ ದೀಪ ಆರಿತು.

ಇನ್ನೊಂದು ತೊಡಕೂ ಇದೆ, ಕಥೆಗಾರರು ಗಮನಿಸಬೇಕಾದದ್ದು. ರೀಚಾರ್ಜ್ ಮಾಡಿದ ದುಡ್ಡು ಸರ್ವರಿನಲ್ಲಿ ಜಮಾ ಆಗುವುದು ಒಂದು ಹೆಜ್ಜೆ; 'ಲೈನ್ ಜೋಡಿಸು' ಎಂಬ ಆದೇಶ ಮೀಟರ್ ತಲುಪುವುದು ಇನ್ನೊಂದು ಹೆಜ್ಜೆ. ನೆಟ್‌ವರ್ಕ್ ಸರಿಯಿಲ್ಲದ ಜಾಗದಲ್ಲಿ ಎರಡನೆಯದು ತಡವಾಗುತ್ತದೆ. ಫೋನಿನಲ್ಲಿ 'ಪಾವತಿ ಯಶಸ್ವಿ' ಎಂದು ಬಂದಿರುತ್ತದೆ, ಮನೆಯಲ್ಲಿ ಕತ್ತಲೆ. ರಾತ್ರಿ ಹೊತ್ತು, ರಜಾ ದಿನ ಕಡಿತ ಮಾಡಬೇಡ ಎಂದು ಇದೇ ವ್ಯವಸ್ಥೆಗೆ ಮೊದಲೇ ಹೇಳಿಡಲು ತಾಂತ್ರಿಕವಾಗಿ ಏನೂ ಅಡ್ಡಿಯಿಲ್ಲ. ಸಾಫ್ಟ್‌ವೇರಿನಲ್ಲಿ ಅದೊಂದು ಸೆಟ್ಟಿಂಗ್ ಅಷ್ಟೆ. ಆ ಸೆಟ್ಟಿಂಗ್ ಯಾರು ಕೇಳಿದರು, ಯಾರು ಬೇಡವೆಂದರು, ಯಾವ ಸಭೆಯಲ್ಲಿ ಅದು ಚರ್ಚೆಗೇ ಬರಲಿಲ್ಲ? ಒಂದು ಇಡೀ ಕಥೆ ಅಲ್ಲಿ ಕಾದು ಕುಳಿತಿದೆ.

ಇಂಗ್ಲೆಂಡಿನ ಲೇಖಕ ಇ.ಎಂ. ಫಾರ್ಸ್ಟರ್ 1909ರಲ್ಲಿ ಬರೆದ 'ದಿ ಮೆಷಿನ್ ಸ್ಟಾಪ್ಸ್' ಕಥೆ ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತದೆ. ಜನ ನೆಲದಡಿಯಲ್ಲಿ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಬದುಕುತ್ತಾರೆ. ಊಟ, ಸ್ನಾನ, ಸಂಗೀತ, ಮಾತುಕತೆ ಎಲ್ಲವೂ ಗುಂಡಿ ಒತ್ತಿದರೆ ಬರುತ್ತದೆ. ಒಂದು ದಿನ ಸಂಗೀತದ ನಡುವೆ ಏದುಸಿರಿನಂಥ ಸದ್ದು ಸೇರಿಕೊಳ್ಳುತ್ತದೆ. ವಾಷ್ಟಿ ಎಂಬ ಮಹಿಳೆ ದುರಸ್ತಿ ಸಮಿತಿಗೆ ದೂರುತ್ತಾಳೆ. ಕೇಂದ್ರ ಸಮಿತಿಗೆ ಹೇಳುತ್ತೇನೆ ಎಂದರೆ, ಅಲ್ಲಿಗೆ ಹೋಗುವ ದೂರೂ ನಮ್ಮ ಮೂಲಕವೇ ಹೋಗಬೇಕು, ಸರದಿ ಬಂದಾಗ ಕಳಿಸುತ್ತೇವೆ ಎಂಬ ಉತ್ತರ. ಬೇರೆಯವರೂ ದೂರಿದ್ದಾರೆಯೇ ಎಂದರೆ ಅದಕ್ಕೆ ಉತ್ತರವೇ ಇಲ್ಲ. ಕೆಲವು ದಿನಗಳಲ್ಲಿ ವಾಷ್ಟಿಗೆ ಆ ಏದುಸಿರು ರಾಗದ್ದೇ ಭಾಗವೆನಿಸಲು ಶುರುವಾಗುತ್ತದೆ. ಆಮೇಲೆ ಸ್ನಾನದ ನೀರು ನಾರುತ್ತದೆ, ಅದಕ್ಕೂ ಜನ ಹೊಂದಿಕೊಳ್ಳುತ್ತಾರೆ. ದುರಸ್ತಿ ಮಾಡುವ ಯಂತ್ರವೇ ಕೆಟ್ಟಿದೆ ಎಂದು ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ. ರೇಡಿಯೊ ಪ್ರಸಾರವೂ ಮನೆಮನೆ ತಲುಪಿರದ ಕಾಲದಲ್ಲಿ ಬರೆದ ಈ ಕಥೆಯನ್ನು ವಿಡಿಯೊ ಕರೆಗಳ ಭವಿಷ್ಯ ನುಡಿದಿತ್ತೆಂದು ಹೊಗಳುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದರ ಹೆಚ್ಚುಗಾರಿಕೆ ಆ ದೂರಿನ ಸಂಭಾಷಣೆಯಲ್ಲಿದೆ. 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಎಂಬ ಸಂದೇಶ ಬಂದ ಮೇಲೂ ನಲ್ಲಿಯಲ್ಲಿ ನೀರು ಬಾರದ ಮನೆಯವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ.

ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರ ನಮ್ಮ ಕಥೆಗಾರರ ಕಣ್ಣೆದುರಿಗೇ ಇರುವ ವಸ್ತು. ನಡೆಯುವುದು ಹೀಗೆ: ಪಡಿತರ ಚೀಟಿಯ ಸಂಖ್ಯೆ ಹಾಕಿದರೆ ಮನೆಯವರ ಹೆಸರು ಬರುತ್ತವೆ. ಬಂದವರ ಹೆಸರು ಆರಿಸಿ ಬೆರಳು ಇಡಿಸುತ್ತಾರೆ. ಯಂತ್ರ ಬೆರಳಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳನ್ನು ಹಿಡಿಯುತ್ತದೆ. ಆ ಮಾಹಿತಿ ಗೂಢಲಿಪಿಯಾಗಿ ಆಧಾರ್ ಸರ್ವರಿಗೆ ಹೋಗಿ, ಹಿಂದೆ ನೋಂದಾಯಿಸಿದ ಬೆರಳಿನ ಜೊತೆ ತಾಳೆಯಾಗಿ, ಹೌದು ಅಥವಾ ಇಲ್ಲ ಎಂಬ ಉತ್ತರ ವಾಪಸು ಬರುತ್ತದೆ. ತಾಳೆಯಾಗದಿದ್ದರೆ ದೋಷ ಸಂಖ್ಯೆ 300. ಬೆರಳು ಸವೆದಿದೆಯೇ, ಒದ್ದೆಯಿದೆಯೇ, ಗಾಜಿನ ಮೇಲೆ ಹಿಂದಿನವರ ಕೈಯೆಣ್ಣೆ ಉಳಿದಿದೆಯೇ ಎಂಬುದನ್ನು ಆ 300 ಹೇಳುವುದಿಲ್ಲ. 'ಸೆರಗಿಗೆ ಒರೆಸ್ಕೊಂಡು ಇನ್ನೊಂದ್ಸಲ ಇಡಜ್ಜಿ' ಎನ್ನುವುದೇ ಅಂಗಡಿಯವನಿಗೆ ಮೊದಲು ಹೊಳೆಯುವ ದಾರಿ.

ಸಿಮೆಂಟು ಕಲಸುವವರ, ಸುಣ್ಣ ಮುಟ್ಟುವವರ, ಬೀಡಿ ಕಟ್ಟುವವರ, ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ. ಎಷ್ಟು ಬಿಂದು ಹೊಂದಿದರೆ 'ಹೌದು' ಎನ್ನಬೇಕು ಎಂಬ ಮಿತಿಯನ್ನು ಎಂಜಿನಿಯರುಗಳು ಮೊದಲೇ ನಿಗದಿ ಮಾಡುತ್ತಾರೆ. ಮಿತಿ ಬಿಗಿ ಮಾಡಿದರೆ ಮೋಸಗಾರ ಹೊರಗುಳಿಯುತ್ತಾನೆ, ಜೊತೆಗೆ ಒಂದಿಷ್ಟು ನಿಜವಾದ ಹಕ್ಕುದಾರರೂ ಹೊರಗುಳಿಯುತ್ತಾರೆ. ಸಡಿಲ ಮಾಡಿದರೆ ಎರಡೂ ತಿರುಗುಮುರುಗು. ಎರಡೂ ತಪ್ಪನ್ನು ಒಟ್ಟಿಗೆ ಸೊನ್ನೆಗಿಳಿಸುವ ಯಂತ್ರ ಇಲ್ಲ. ನೂರಕ್ಕೆ ಒಬ್ಬರಿಗೆ ಮಾತ್ರ ತಪ್ಪಾಗಿ 'ಇಲ್ಲ' ಎಂದರೂ 500 ಕಾರ್ಡಿನ ಅಂಗಡಿಯಲ್ಲಿ ಐದು ಮನೆಯವರು ಖಾಲಿ ಚೀಲ ಹಿಡಿದು ನಿಲ್ಲುತ್ತಾರೆ. ಪ್ರಯೋಗಾಲಯದ ವರದಿಯಲ್ಲಿ ಅದು ಶೇ 99ರ ಯಶಸ್ಸು. ಬೆರಳು ಹೊಂದಲಿಲ್ಲವೆಂದು ರೇಷನ್ ನಿರಾಕರಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಆಧಾರ್ ಪ್ರಕರಣದ 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಈ ಕಳವಳ ದಾಖಲಾಗಿದೆ. ನಿಯಮ ಇದೆ. ಅಂಗಡಿಯ ಮುಂದೆ ನಿಂತ ಅಜ್ಜಿಗೆ ಅದು ಗೊತ್ತಿದೆಯೇ, ಬೆರಳಿನ ಬದಲು ಹೇಳಬೇಕಾದ ಒಟಿಪಿ ಬರುವ ಫೋನು ಮಗನ ಜೊತೆ ಬೆಂಗಳೂರಿನಲ್ಲಿದ್ದರೆ ಏನು, ಮತ್ತೆ ನಾಳೆ ಬಂದರೆ ಕಳೆಯುವ ಕೂಲಿ ಎಷ್ಟು ಎಂಬುದು ಕಥೆಯ ಕ್ಷೇತ್ರ.

ಕೆಲಸಗಾರನ ಕಡೆಯಿಂದ ನೋಡಲು ಅಮೆರಿಕದ ಲೇಖಕ ಕರ್ಟ್ ವೊನೆಗಟ್‌ನ 1952ರ 'ಪ್ಲೇಯರ್ ಪಿಯಾನೊ' ಬೇಕು. ಆತ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ ಮಾಡಿ, ಲೋಹ ಕಡೆಯುವ ಯಂತ್ರ ತಾನೇ ತಾನಾಗಿ ನಡೆಯುವುದನ್ನು ಕಂಡವನು. ಕಾದಂಬರಿಯಲ್ಲಿ ರೂಡಿ ಹರ್ಟ್ಸ್ ಎಂಬ ನುರಿತ ಲೇತ್ ಕೆಲಸಗಾರನ ಕೈಚಲನೆಯನ್ನು ಎಂಜಿನಿಯರುಗಳು ಟೇಪಿನ ಮೇಲೆ ದಾಖಲಿಸಿಕೊಳ್ಳುತ್ತಾರೆ. ಸಾವಿರಾರು ಜನರಲ್ಲಿ ತನ್ನನ್ನೇ ಆರಿಸಿದರಲ್ಲ ಎಂದು ಅವನಿಗೆ ಹೆಮ್ಮೆ. ಆ ಟೇಪು ಸಾಲುಸಾಲು ಲೇತುಗಳನ್ನು ನಡೆಸತೊಡಗಿದಾಗ ಅಂಥ ಕೆಲಸಗಾರರೇ ಬೇಡವಾಗುತ್ತಾರೆ. ನನಗೆ ಈ ಪುಸ್ತಕದಲ್ಲಿ ಬಹಳ ಕಾಡುವುದು ಆ ಹೆಮ್ಮೆ. ಲೇಖಕ ಅದನ್ನು ಹಗುರ ಮಾಡುವುದಿಲ್ಲ, ರೂಡಿಯನ್ನು ಪೆದ್ದನೆಂದೂ ತೋರಿಸುವುದಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಫೋನ್ ಹಿಡಿದು ಕನ್ನಡ ವಾಕ್ಯಗಳನ್ನು ಓದಿ, ಕೃತಕ ಬುದ್ಧಿಮತ್ತೆಗೆ ಧ್ವನಿ ಒದಗಿಸಿ ದುಡಿಯುವ ಕೆಲಸ ಈಗಾಗಲೇ ನಡೆದಿದೆ. ಅದರಿಂದ ಆ ಮನೆಗೆ ಬಂದ ಹಣ ನಿಜ, ಕನ್ನಡಕ್ಕೆ ಆಗುವ ಉಪಕಾರವೂ ನಿಜ. ಆ ಧ್ವನಿ ಮುಂದೆ ಯಾವ ಕೌಂಟರಿನಲ್ಲಿ, ಯಾರ ಜಾಗದಲ್ಲಿ ಮಾತಾಡುತ್ತದೆ ಎಂಬುದನ್ನು ಇವತ್ತು ಕಥೆಯಲ್ಲಲ್ಲದೆ ಬೇರೆಲ್ಲಿ ಕೇಳಿ ನೋಡುವುದು? ಆ್ಯಪ್ ಆಧಾರಿತ ಕೆಲಸಗಾರರನ್ನು ಕೈಬಿಡುವ ಮುನ್ನ 14 ದಿನಗಳ ನೋಟಿಸು, ಲಿಖಿತ ಕಾರಣ ಬೇಕೆಂದು ನಮ್ಮ ರಾಜ್ಯ 2025ರಲ್ಲಿ ಕಾನೂನು ಮಾಡಿತು. ಕೇಳಿಕೊಳ್ಳುವ ಜಾಗವನ್ನು ಕಾನೂನಿನಿಂದ ಮರಳಿ ಕಟ್ಟುವ ಪ್ರಯತ್ನ ಅದು.

ಇಂಥ ಕಥೆ ಬರೆಯುವವರು ಎಡವುವುದು ಸಾಮಾನ್ಯವಾಗಿ ಒಂದೆರಡು ಕಡೆ. ಯಂತ್ರಕ್ಕೆ ದಿಢೀರನೆ ಪ್ರಜ್ಞೆ ಬರಿಸಿ ಅದನ್ನು ಖಳನಾಯಕನನ್ನಾಗಿ ಮಾಡಿದರೆ ಮಿತಿ ನಿಗದಿ ಮಾಡಿದ ಮನುಷ್ಯರೆಲ್ಲ ತಪ್ಪಿಸಿಕೊಂಡುಬಿಡುತ್ತಾರೆ. ಕೊನೆಯ ಪುಟದಲ್ಲಿ ಯಾರೋ ಸರ್ವರ್ ಒಡೆದು ಊರಿಗೆಲ್ಲ ನೆಮ್ಮದಿಯಾದರೆ ಅದೂ ಅಷ್ಟೇ ಟೊಳ್ಳು, ಯಾಕೆಂದರೆ ಮರುದಿನ ರೇಷನ್ ಕೊಡಲು ಅದೇ ಪಟ್ಟಿ ಬೇಕು. ವಿಜ್ಞಾನಿಯೊಬ್ಬರನ್ನು ಕೂರಿಸಿ ಎರಡು ಪುಟ ಪಾಠ ಹೇಳಿಸುವುದು ಇನ್ನೊಂದು ಚಾಳಿ. 2,500 ಪದಗಳ ಕಥೆಯಲ್ಲಿ ತಾಂತ್ರಿಕ ವಿವರಣೆ 150 ಪದ ದಾಟಬೇಕಿಲ್ಲ. ಉಳಿದದ್ದು ಸಾಲಿನಲ್ಲಿ ನಿಂತವರ ಮಾತಿನಲ್ಲೇ ತಿಳಿಯಬೇಕು.

ಹೊಸಬರು ಒಂದೇ ಯಂತ್ರ ಆರಿಸಿಕೊಳ್ಳಲಿ. ತಿಂಗಳ ಅತಿ ಜನಜಂಗುಳಿಯ ದಿನ ಅದರ ಪಕ್ಕ ಅರ್ಧ ದಿನ ಕೂರಲಿ. ಪರದೆಯ ಮೇಲೆ ಬರುವ ಪದಗಳು ಕನ್ನಡದಲ್ಲಿವೆಯೇ, 'ಇಲ್ಲ' ಎಂದ ಮೇಲೆ ಚೀಟಿ ಸಿಗುತ್ತದೆಯೇ, ಆಪರೇಟರ್ ಸ್ವಂತ ವಿವೇಚನೆಯಿಂದ ಒತ್ತಬಹುದಾದ ಗುಂಡಿ ಯಾವುದಾದರೂ ಉಂಟೇ ಎಂದು ಬರೆದುಕೊಳ್ಳಲಿ. ಆಮೇಲೆ ಕಥೆಯಲ್ಲಿ ಒಂದೇ ಒಂದು ಸಂಗತಿ ಬದಲಿಸಲಿ: ಆ ಗುಂಡಿಯನ್ನು ತೆಗೆದುಹಾಕಿ ಹತ್ತು ವರ್ಷ ಮುಂದೆ ಹೋಗಲಿ. ಮೂರು ನಾಲ್ಕು ಬದಲಾವಣೆ ಒಟ್ಟಿಗೆ ತಂದರೆ ಯಾವುದರಿಂದ ಏನಾಯಿತು ಎಂಬ ಎಳೆ ಓದುಗರ ಕೈತಪ್ಪುತ್ತದೆ. ಆಪರೇಟರನ ಮನೆಯನ್ನೂ ಕಥೆಗೆ ತರಲಿ. 'ಇಲ್ಲ' ಎಂದು ದಿನವಿಡೀ ಹೇಳುವವನೂ ಸಂಜೆ ಇನ್ನೊಂದು ಸಾಲಿನಲ್ಲಿ ನಿಲ್ಲುವವನೇ.

ಇನ್ನು ತಮ್ಮಲ್ಲಿ ಕೋರಿಕೆ. ಮುಂದಿನ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯ ಪ್ರಕಟಣೆಯಲ್ಲಿ 'ವಿಜ್ಞಾನ ಕಥೆಗಳನ್ನೂ ಪರಿಗಣಿಸಲಾಗುವುದು' ಎಂಬ ಒಂದು ಸಾಲು ಸೇರಿಸಿ. ಪ್ರತ್ಯೇಕ ವಿಭಾಗ ಮಾಡಬೇಡಿ, ಅದು ಮತ್ತೆ ಬೇರೆ ಪಂಕ್ತಿಯಾಗುತ್ತದೆ. ಮೂವರು ತೀರ್ಪುಗಾರರಲ್ಲಿ ಒಬ್ಬರಾದರೂ ಗ್ರಾಮ ಒನ್ ಕೇಂದ್ರದಲ್ಲೋ, ನ್ಯಾಯಬೆಲೆ ಅಂಗಡಿಯಲ್ಲೋ, ವಿದ್ಯುತ್ ಬಿಲ್ ಕೌಂಟರಿನಲ್ಲೋ ವರ್ಷಗಟ್ಟಲೆ ಕೂತು ಕೆಲಸ ಮಾಡಿದ, ಸಾಹಿತ್ಯ ಓದುವ ಅಭ್ಯಾಸವಿರುವವರಾಗಿರಲಿ. ಯಂತ್ರದ ವಿವರ ಹುಸಿಯಾಗಿದ್ದರೆ ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಆಯ್ಕೆಯಾದ ಕಥೆಯನ್ನು ಚಿತ್ರ ಬರೆಯುವವರಿಗೆ ಪೂರ್ತಿ ಓದಲು ಕೊಡಿ, ಶೀರ್ಷಿಕೆಯನ್ನಷ್ಟೇ ಕೊಟ್ಟರೆ ಮತ್ತೆ ರಾಕೆಟ್ಟಿನ ಚಿತ್ರವೇ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ವಿಜ್ಞಾನ ಕಥೆಗಳ ಓದುಗ, ಧಾರವಾಡ